ವೇಲಿನ ಗಂಟು

ಗಂಡನಿಂದ ಬೇರೆಯಾದ ಮೇಲೆ ಸುಕನ್ಯಾಳನ್ನು ಮನೆಯಿಂದ ಹೊರಗೆಳೆದು ರಾಕ್ ಶೋಗಳಿಗೆ ಕರೆದೊಯ್ಯುತ್ತಿದ್ದವಳು ಗೆಳತಿ ಮಂದಾ ಒಬ್ಬಳೇ. ಆದರೆ ಅಲ್ಲಿನ ನೂಕುನುಗ್ಗಲೆಂದರೆ ಸುಕನ್ಯಾಳಿಗೆ ಉಸಿರು ಕಟ್ಟುತ್ತಿತ್ತು.

"ಹೋದ್ಸಲದ ಥರ ನನ್ನ ಬಿಟ್ಟು ಸ್ಟೇಜ್ ಹತ್ರ ಓಡಿದ್ರೆ ಇನ್ಯಾವತ್ತೂ ನಿನ್ನ ನಂಬಲ್ಲ ಕಣೆ."

"ಅಯ್ಯೋ ಪುಕ್ಕಲಿ! ತಗೋ," ಎಂದು ಮಂದಾ ನಗುತ್ತಾ ಇಬ್ಬರ ವೇಲಿನ ತುದಿಗಳನ್ನೂ ಸೇರಿಸಿ ಗಂಟು ಹಾಕಿದಳು. "ಈಗೆಲ್ಲಿಗೆ ಓಡ್ಲಿ ಹೇಳು?"

ದೀಪಗಳು ಆರಿದವು. ಗಿಟಾರು ಕಿರುಚಿತು, ಜನ ಒಬ್ಬರ ಮೇಲೊಬ್ಬರು ಬಿದ್ದು ಕುಣಿದರು. ಎದೆ ಹೊಡೆದುಕೊಂಡಾಗಲೆಲ್ಲ ಸುಕನ್ಯಾ ವೇಲನ್ನು ಜಗ್ಗಿ ನೋಡಿದಳು. ಬಿಗಿಯಾಗಿತ್ತು. ಆ ಧೈರ್ಯದಲ್ಲಿ ಮೊದಲ ಸಲ ಕಣ್ಣು ಮುಚ್ಚಿ ತಾನೂ ಕುಣಿದಳು.

ಹಾಡು ಮುಗಿದು ಬೆಳಕು ಬಂದಾಗ ನಗುತ್ತಲೇ ಗೆಳತಿಯತ್ತ ತಿರುಗಿದಳು.

ಮಂದಾಳ ವೇಲಿನ ಇನ್ನೊಂದು ತುದಿಯನ್ನು ಬ್ಯಾರಿಕೇಡಿನ ಕಬ್ಬಿಣದ ಕಂಬಿಗೆ ಎರಡೆರಡು ಗಂಟು ಹಾಕಿ ಕಟ್ಟಲಾಗಿತ್ತು.