ಅಳಿಸಿದ ಎಂಟು

ಎಂಟು ಇರಲಿಲ್ಲ.

ಡೋರೀನ್ ಸಕೋಬಿ ಅಳತೆ ಪುಸ್ತಕವನ್ನು ಕಿಟಕಿಯ ಬಳಿ ಒಯ್ದು ಓರೆಯಾಗಿ ಹಿಡಿದಳು. ಪುಟದಲ್ಲಿ 3.41 ಮೀಟರ್ ಎಂದಿತ್ತು. ಮೂರರ ಎಡಕ್ಕೆ ಕಾಗದ ಸವೆದಿತ್ತು. ಗಟ್ಟಿ ಪೆನ್ಸಿಲ್ ಒತ್ತಿದ್ದ ಎಂಟರ ತಗ್ಗು ಮಾತ್ರ ಬೆಳಕಿಗೆ ಹಾಗೇ ಕಂಡಿತು. ಶುಕ್ರವಾರ ಉಕ್ಕಿನ ಟೇಪಿನ ಆ ತುದಿಯಿಂದ ತಾನೇ ಕೂಗಿ ಹೇಳಿದ್ದ ಅಂಕಿ: 83.41.

ಅದು ಹಳೆಯ ಗಡಿಗುರುತಿಗೂ ಮರದ ಕಂಪನಿ ನೆಟ್ಟ ಕಬ್ಬಿಣದ ಗೂಟಕ್ಕೂ ನಡುವಿನ ದೂರ. ಮೂರು ಮೀಟರ್ ಎಂದರೆ ಹಳೇ ಕಾಲದ ಅಳತೆ ಸರಪಳಿಯ ತಪ್ಪು. ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಎಂಬತ್ಮೂರು ಎಂದರೆ ಕಳವು. ನದಿಯುದ್ದಕ್ಕೂ ಮೂರು ಕಿಲೋಮೀಟರ್ ಕಳವು. ಮೂಲನಿವಾಸಿಗಳ ಮೀಸಲಿನ ಹೆಂಗಸರು ಬುಟ್ಟಿ ಹೆಣೆಯಲು ಕಡಿಯುತ್ತಿದ್ದ ಆಶ್ ಮರಗಳು, ದೋಣಿ ಹಚ್ಚುತ್ತಿದ್ದ ದಡ, ಎಲ್ಲವೂ ಆ ಪಟ್ಟಿ ನೆಲದಲ್ಲಿದ್ದವು. ಕಂಪನಿ ಬೇಲಿ ಹಾಕಿ ನಲವತ್ತು ವರ್ಷ. ನ್ಯೂ ಬ್ರನ್ಸ್‌ವಿಕ್ ಪ್ರಾಂತ್ಯದ ಯಾವ ಕೋರ್ಟೂ ಅಜ್ಜಿಯರ ನೆನಪನ್ನು ಸಾಕ್ಷಿ ಎಂದು ಒಪ್ಪಿರಲಿಲ್ಲ. ಅಂಕಿ ಬೇಕು ಎಂದಿತ್ತು. ಡೋರೀನ್ ಸರ್ವೆ ಓದಲು ಸೇರಿದ್ದೇ ಆ ಅಂಕಿಗಾಗಿ.

ಕೊನೆಯ ವರ್ಷದ ಯೋಜನೆಗೆ ಅದೇ ಗಡಿಯನ್ನು ಆರಿಸಿಕೊಂಡಳು. ಜೊತೆಗಾರ ಗಾರ್ತ್ ಮೆಕಿನ್‌ಟೈರ್. ಟೇಪು ಅವಳದು, ಬರೆಯುವ ಕೆಲಸ ಅವನದು. ಆರು ವಾರ ಪೊದೆ ಸವರಿ, ಸೊಳ್ಳೆ ಕಚ್ಚಿಸಿಕೊಂಡು, ಕೊನೆಗೆ ಸಿಕ್ಕಿತು: ಪಾಚಿ ಹಿಡಿದ ಕಲ್ಲಿನ ಗುಪ್ಪೆ, ನಡುವೆ ಹಿಂದಿನ ಶತಮಾನದ ಸರ್ವೆಯರ್ ನೆಟ್ಟ ದೇವದಾರಿನ ಗೂಟ. ಮೂಲ ಗುರುತು ಸಿಕ್ಕರೆ ಅದೇ ಗಡಿ. ಆ ಕಸುಬಿನ ಕಾನೂನೇ ಅದು.

ಆ ಶುಕ್ರವಾರ ಸಂಜೆ ಅವಳ ತಾಯಿ ಅಗಾಥಾಳ ಅಡುಗೆಮನೆಯಲ್ಲಿ ಮೂಸ್ ಜಿಂಕೆಯ ಮಾಂಸದ ಸಾರು, ಎಣ್ಣೆಯಲ್ಲಿ ಕರಿದ ರೊಟ್ಟಿ.

"ಈ ಎಂಟು ನೋಡಮ್ಮ," ಡೋರೀನ್ ಪುಟದ ಮೇಲೆ ಬೆರಳಿಟ್ಟಳು. "ನಮ್ಮ ನದಿ ಇದರೊಳಗಿದೆ."

"ಇದನ್ನ ನೋಡಿದ್ರೆ ಕಂಪನಿಯವ್ರಿಗೆ ಹೊಟ್ಟೆ ಕೆಟ್ಟೋಗುತ್ತೆ," ಎಂದು ನಕ್ಕ ಗಾರ್ತ್. "ನನಗೂ ಅಷ್ಟೇ. ಬರೋ ಮೇ ತಿಂಗಳಿಂದ ಅವರ ಹತ್ರಾನೇ ಕೆಲಸ."

"ಮತ್ತೆ ಯಾಕೋ ಬರೆದೆ?"

"ನೀನು ಕೂಗಿದೆ, ನಾನು ಬರೆದೆ. ಇನ್ನೊಂದು ರೊಟ್ಟಿ ಹಾಕಿ, ಅಗಾಥಮ್ಮ."

ಎಣ್ಣೆ ಹತ್ತೀತೆಂದು ಅಗಾಥಾ ಪುಸ್ತಕವನ್ನು ಕಪಾಟಿನ ಮೇಲೆ ಎತ್ತಿಟ್ಟಳು. ಶನಿವಾರ ಎಂದಿನಂತೆ ಕಂಪನಿ ಕಚೇರಿಯ ನೆಲ ಒರೆಸಲು ಹೋದಳು. ಭಾನುವಾರ ಗಾರ್ತ್ ಬಂದು ಪುಸ್ತಕ ಒಯ್ದ. ಸೋಮವಾರ ಕಂಪನಿಯ ಬುಲ್ಡೋಜರ್ ರಸ್ತೆ ಅಗಲಿಸಲು ಬಂದು ಕಲ್ಲಿನ ಗುಪ್ಪೆಯನ್ನು ಗುಡಿಸಿಹಾಕಿತು. ಶುಕ್ರವಾರ ತೆಗೆದಿದ್ದ ಫೋಟೋದಲ್ಲಿ ಕಲ್ಲುಗಳಿದ್ದವು, ಎಲ್ಲಿದ್ದವು ಎಂದು ಫೋಟೋ ಹೇಳದು. ಉಳಿದದ್ದು ಪುಸ್ತಕವೊಂದೇ. ಬುಧವಾರ ಗಾರ್ತ್‌ನಿಂದ ಮರಳಿ ಬಂದಾಗ ಅದರಲ್ಲಿ ಎಂಟು ಇರಲಿಲ್ಲ.

ಗುರುತು ಸಿಕ್ಕ ವಿಷಯ ಗೊತ್ತಿದ್ದವರು ಎಷ್ಟು ಜನ? ಕಂಪನಿಯ ಕೆಲಸ ಕಾದಿದ್ದದ್ದು ಯಾರಿಗೆ? ಡೋರೀನ್ ವಿಶ್ವವಿದ್ಯಾಲಯಕ್ಕೆ ಗಾರ್ತ್ ಮೇಲೆ ದೂರು ಬರೆದಳು.

"ಬಿಟ್ಬಿಡು ಮಗಳೇ," ಎಂದಳು ಅಗಾಥಾ. "ಆ ಹುಡುಗ ಒಳ್ಳೇವ್ನು. ಅವನ ಹೊಟ್ಟೆ ಮೇಲೆ ಹೊಡೀಬೇಡ."

"ಅವ್ನು ನಮ್ಮೆಲ್ಲರ ಹೊಟ್ಟೆ ಮೇಲೆ ಹೊಡೆದ. ಅವರ ನೆಲ ಒರೆಸಿ ಒರೆಸಿ ನಿಂಗೆ ಬೆನ್ನು ನೆಟ್ಟಗೆ ಮಾಡೋದೇ ಮರ್ತುಹೋಗಿದೆ ಅಮ್ಮ."

"ನಿನ್ನ ಬೆನ್ನು ನೆಟ್ಟಗಿರ್ಲಿ ಅಂತಾನೇ ಒರೆಸ್ತಿರೋದು."

ವಿಚಾರಣೆಯಲ್ಲಿ ಗಾರ್ತ್ ಒಂದೇ ಮಾತು ಹಿಡಿದು ಕೂತ. "ನಾಲ್ಕು ವರ್ಷದಿಂದ ನಾನು ರಬ್ಬರನ್ನೇ ಮುಟ್ಟಿಲ್ಲ ಸರ್. ಮೋಸ ಮಾಡೋದಾದ್ರೂ ಗೆರೆ ಹೊಡೆದು, ಪಕ್ಕದಲ್ಲಿ ಬೇರೆ ಅಂಕಿ ಬರೆದು, ಸಹಿ ಹಾಕ್ತಿದ್ದೆ. ಅಳಿಸಿದ್ರೆ ಸಿಕ್ಕಿಬೀಳ್ತೀನಿ ಅಂತ ನನಗೆ ಗೊತ್ತಿಲ್ವಾ?"

ನಿಜ. ಮೊದಲ ವರ್ಷದ ಮೊದಲ ದಿನ ಪ್ರೊಫೆಸರ್ ಲೆಬ್ಲಾಂ ಎಲ್ಲರ ರಬ್ಬರುಗಳನ್ನೂ ಕಸದ ಬುಟ್ಟಿಗೆ ಹಾಕಿಸುತ್ತಿದ್ದರು. ತಪ್ಪಾದರೆ ಒಂದು ಗೆರೆ, ಮೇಲೆ ಸರಿಯಂಕಿ, ಸಹಿ. ಅಳಿಸಿದ ಪುಟ ಸತ್ತ ಪುಟ. ಸಮಿತಿಯ ಒಬ್ಬರು ನಕ್ಕರು. ಡೋರೀನ್ ನಗಲಿಲ್ಲ.

"ನಮ್ಮನೇಲಿ ಉಂಡೆಯಲ್ಲೋ," ಎಂದಳು ಅವನ ಮುಖಕ್ಕೆ.

"ಉಂಡಿದ್ದೀನಿ. ಅದಕ್ಕೇ ಕೇಳ್ತಿದ್ದೀನಿ ಡೋರಿ, ನಂಬು."

ಪುಸ್ತಕ ಬರೆದವನೇ ಪುಸ್ತಕಕ್ಕೆ ಹೊಣೆ. ಗಾರ್ತ್‌ನನ್ನು ವಿಶ್ವವಿದ್ಯಾಲಯದಿಂದ ಹೊರಹಾಕಿದರು. ಅವನ ಕೆಲಸವೂ ಹೋಯಿತು. ಸತ್ತ ಪುಟದ ಮೇಲೆ ದಾವೆ ನಿಲ್ಲದೆಂದು ಮೀಸಲಿನ ವಕೀಲರು ಕಡತ ಕಟ್ಟಿಟ್ಟರು. ನದಿಯೂ ಹೋಯಿತು.

ಡೋರೀನ್‌ಗೆ ಪದವಿಯೇನೋ ಸಿಗುವುದಿತ್ತು. ಆದರೆ ಪರವಾನಗಿ ಇದ್ದ ಸರ್ವೆಯರನ ಕೈಕೆಳಗೆ ಎರಡು ವರ್ಷ ದುಡಿಯದೆ ಅವಳು ಸರ್ವೆಯರ್ ಅಲ್ಲ. ಹಿಂದಿನ ಬೇಸಿಗೆಯಿಂದ ಹದಿನಾಲ್ಕು ಕಚೇರಿಗಳಿಗೆ ಬರೆದಿದ್ದಳು. ಸಕೋಬಿ ಎಂಬ ಹೆಸರು ಓದಿದ ಮೇಲೆ ಯಾರೂ ಮುಂದೆ ಓದಿದಂತಿರಲಿಲ್ಲ. ಕಂಪನಿಗೆ ಮಾತ್ರ ಅವಳು ಬರೆದೇ ಇರಲಿಲ್ಲ.

ಏಪ್ರಿಲ್‌ನಲ್ಲಿ ಒಂದು ಲಕೋಟೆ ಬಂತು. ಮೂಲೆಯಲ್ಲಿ ಕಂಪನಿಯ ಸರ್ವೆ ಕಚೇರಿಯ ಮುದ್ರೆ. ಡೋರೀನ್ ಅದನ್ನು ಒಡೆಯದೆಯೇ ತಾಯಿಯತ್ತ ಚಾಚಿದಳು.

"ವಕೀಲರ ಕೈಲಿ ಬೆದರಿಕೆ ಬರೆಸಿರ್ತಾರೆ. ಒಲೆಗೆ ಹಾಕಮ್ಮ."

ಅಗಾಥಾ ಒದ್ದೆ ಕೈಗಳನ್ನು ಲಂಗಕ್ಕೆ ಒರೆಸಿಕೊಂಡಳು. ಲಕೋಟೆಯನ್ನು ಮುಟ್ಟಲಿಲ್ಲ.

"ಮೇ ನಾಲ್ಕಕ್ಕೆ ಸೇರ್ಕೋಬೇಕು, ಎರಡು ವರ್ಷದ ತರಬೇತಿ," ಎಂದಳು. "ಅದಕ್ಕೆ ಬದಲು ಒಂದೇ ಒಂದು ಅಂಕಿ ಕೇಳಿದ್ರು, ಮಗಳೇ."