ಗಟ್ಟಿ ಮನಸ್ಸು

ಸಿಗರೇಟು ಬಿಡಿಸಲು ಡಾಕ್ಟರು ಕೊಟ್ಟ ನಿಕೋಟಿನ್ ಪಟ್ಟಿಯನ್ನು ತೋಳಿಗೆ ಅಂಟಿಸಿಕೊಂಡ ಮೇಲೆ ಅವನಿಗೆ ಸಿಗರೇಟಿನ ಜೊತೆಗೆ ನಿದ್ದೆಯೂ ಬಿಟ್ಟುಹೋಯಿತು. ಕಣ್ಣು ಮುಚ್ಚಿದರೆ ಸಾಕು, ಚಿತ್ರವಿಚಿತ್ರ ಕನಸು.

"ಮಲಗೋ ಮುಂಚೆ ಪಟ್ಟಿ ಕಿತ್ತುಬಿಡಿ, ನಿದ್ದೆ ಬರುತ್ತೆ," ಎಂದರು ಡಾಕ್ಟರು. ಹಾಗೆ ಮಾಡಿದ್ದೇ ತಡ, ಗೊರಕೆ ಹೊಡೆಯತೊಡಗಿದ.

ಈಗ ಅವನ ಅಮ್ಮನ ನಿದ್ದೆ ಹಾರಿಹೋಯಿತು. ಅವಳನ್ನೂ ಅದೇ ಡಾಕ್ಟರ ಬಳಿ ಕರೆದೊಯ್ದ.

"ಎಲ್ಲಾ ಇವನ ಗೊರಕೆಯಿಂದ್ಲೇ," ಎಂದು ಅಮ್ಮ ದೂರಿದಳು.

"ಎಲೆಅಡಿಕೆ ಅಭ್ಯಾಸ ಇದ್ಯಾ ಅಮ್ಮಾ?" ಎಂದು ಡಾಕ್ಟರು ಕೇಳಿದರು.

"ಮದುವೆಯಾದಾಗಿಂದ ಹೊಗೆಸೊಪ್ಪು ಹಾಕ್ತಿದ್ದೆ. ಈಗೀಗ ಯಾಕೋ ಬೇಡ ಅನ್ಸಿ ಬಿಟ್ಟೇಬಿಟ್ಟೆ. ಇವನ ಥರ ಔಷಧಿ ಬೇಕಾಗ್ಲಿಲ್ಲ. ಮನಸ್ಸು ಗಟ್ಟಿ ಇರ್ಬೇಕು ಡಾಕ್ಟ್ರೇ!"

ನಾಚಿಕೆಯಿಂದ ಅವನಿಗೆ ಮುಖ ಎತ್ತಲಾಗಲಿಲ್ಲ.

"ಮೈಕೈ ನೋವೇನಾದ್ರೂ ಇದ್ಯಾ?"

"ಮಂಡಿನೋವು," ಎಂದು ಅಮ್ಮ ಸೀರೆಯನ್ನು ತುಸು ಮೇಲೆತ್ತಿದಳು. ಹಿಂದಿನ ರಾತ್ರಿ ಅವನು ಕಿತ್ತೆಸೆದ ಪಟ್ಟಿ ಅವಳ ಮಂಡಿಯ ಮೇಲೆ ಭದ್ರವಾಗಿ ಕೂತಿತ್ತು.

"ದಿನಾ ಕಿತ್ತು ಬಿಸಾಡ್ತಾನೆ. ಔಷಧಿ ದಂಡ ಆಗ್ಬಾರ್ದು ಅಂತ ನಾನು ಅಂಟಿಸ್ಕೋತೀನಿ. ಆದ್ರೆ ನೋವು ಮಾತ್ರ ಒಂಚೂರೂ ಕಮ್ಮಿಯಾಗಿಲ್ಲ ಡಾಕ್ಟ್ರೇ!"