ಅಂಗೈಯ ಘಾಟು

ಮಕ್ಕಳ ದುಃಖವನ್ನು ಒಂದು ಪಿರಿಯಡ್ ಮಟ್ಟಿಗೆ ತನ್ನ ಅಂಗೈಯಲ್ಲಿ ಹಿಡಿದು ಕೂರುವುದು ಬ್ಯಾಡಗಿಯ ಶಾಲೆಯೊಂದರ ಆಪ್ತಸಮಾಲೋಚಕಿ ವಿಜಯಾಳ ಕೆಲಸ. ಅಷ್ಟು ಹೊತ್ತು ಮಕ್ಕಳು ಹಗುರಾಗಿ ಆಡಿ ಬರುತ್ತಾರೆ. ಗಂಟೆ ಹೊಡೆದಾಗ ಅವರವರದನ್ನು ಅವರವರಿಗೆ ಹಿಂತಿರುಗಿಸಬೇಕು. ಗುರುತಿಸುವುದು ಕಷ್ಟವಲ್ಲ, ದುಃಖಕ್ಕೆ ಅದರ ಒಡೆಯರ ಕೈವಾಸನೆ ಇರುತ್ತದೆ. ಮಕ್ಕಳದ್ದೆಂದರೆ ಶಾಯಿ, ಪೆನ್ಸಿಲ್, ಪೆಪ್ಪರಮಿಂಟು.

ಏಳನೆಯ ತರಗತಿಯ ಸ್ಫೂರ್ತಿ ಅಂಗೈ ಒತ್ತಿದಾಗ ಮಾತ್ರ ವಿಜಯಾಳಿಗೆ ಕೆಮ್ಮು ಬಂತು. ಮೆಣಸಿನಕಾಯಿ ಘಾಟು! ಅವಳು ಹುಡುಗಿಯ ತಾಯಿಯನ್ನು ಕರೆಸಿದಳು.

ಮಾರ್ಕೆಟ್ಟಿನಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದ ಕಸ್ತೂರೆವ್ವ ಹಾಗೆಯೇ ಎದ್ದು ಬಂದಳು.

“ಮನ್ಯಾಗೂ ಮಾತಾಡವಲ್ಲಳ್ರೀ ಮೇಡಮ್ಮರ. ಅವರಪ್ಪ ತೀರಿಕೊಂಡಾಗ ನಾನೂ ಹಿಂಗ ಇದ್ದೆ. ದೇವರ ದಯಾ, ಬರಬರತಾ ತಾನ ಹಗುರಾತು.”

ವಿಜಯಾ ತನ್ನ ಅಂಗೈಯನ್ನು ಅವಳ ಮುಂದೆ ಹಿಡಿದಳು. ಮೂಸಿ ನೋಡಿದ ಕಸ್ತೂರೆವ್ವ ಬೆಚ್ಚಿ, ಪಕ್ಕದಲ್ಲಿ ನಿಂತಿದ್ದ ಮಗಳತ್ತ ತಿರುಗಿದಳು.

“ನಾ ಮಲಗಿದಾಗ ತಗೊಂಡಿ ಏನ?”

“ನೀ ಉಣ್ಣೂದ ಬಿಟ್ಟಿದ್ದೆಲ್ಲವ್ವಾ,” ಎಂದಳು ಸ್ಫೂರ್ತಿ. “ದಿನಾ ಒಂದೀಟ ತಗೊಂಡೆ.”

“ನಂದು ನನಗ ಕೊಡ್ರಿ,” ಎಂದು ಕಸ್ತೂರೆವ್ವ ಕೈ ಚಾಚಿದಳು. ಭಾರಕ್ಕೆ ಅವಳ ತೋಳು ಬಾಗಿತು. ಆದರೂ ಬಿಡಲಿಲ್ಲ.

ವಿಜಯಾಳ ಅಂಗೈಯಲ್ಲಿ, ಆ ಭಾರದ ಅಡಿಗೆ ಸಿಕ್ಕು ನಲುಗಿದ್ದ ಸಣ್ಣದೊಂದು ದುಃಖ ಉಳಿದಿತ್ತು. ಅದಕ್ಕೆ ಪೆನ್ಸಿಲ್ ವಾಸನೆ.

“ಅದು ನಂದ್ರೀ ಮೇಡಂ,” ಎಂದು ಸ್ಫೂರ್ತಿ ಅದನ್ನು ತೆಗೆದುಕೊಂಡಳು. ಅಪ್ಪ ಸತ್ತಾಗಲೂ ಅಳದಿದ್ದ ಹುಡುಗಿ ಅವ್ವನ ಸೆರಗಿನಲ್ಲಿ ಮುಖ ಹುದುಗಿಸಿ ಜೋರಾಗಿ ಅತ್ತಳು.

ಗಂಟೆ ಹೊಡೆಯಿತು. ವಿಜಯಾ ಎದ್ದು ಬಾಗಿಲು ಮುಂದೆ ಮಾಡಿ ಬಂದು ಮತ್ತೆ ಕೂತಳು.